ಮದುವೆಯ ಗೌನ್: ನಿಂತು ನೋಡಿದ್ದು ಸಾಕು, ಕೂತು ನೋಡಿ

ಪ್ರಶ್ನೆ: ನನ್ನ ಮದುವೆಗೆ ಇನ್ನು ಏಳು ತಿಂಗಳಿದೆ. ಗೌನ್ ತೊಡಬೇಕೆಂಬುದು ಬಹುದಿನದ ಆಸೆ. ಅಂಗಡಿಯಿಂದ ಅಂಗಡಿಗೆ ಅಲೆದು ಮೂವತ್ತಕ್ಕೂ ಹೆಚ್ಚು ಗೌನ್ ಹಾಕಿ ನೋಡಿದ್ದಾಯಿತು. ಕ್ರೇಪ್ ಬಟ್ಟೆಯ, ಕಸೂತಿಯಿಲ್ಲದ, ಕೆನೆಬಣ್ಣದ ಒಂದು ಇಷ್ಟವಾಯಿತು. ಅಮ್ಮ ‘ತೀರಾ ಸಾದಾ’ ಎಂದರು. ಅತ್ತೆಯಾಗುವವರು ‘ಅಚ್ಚ ಬಿಳಿಯಾದರೆ ಮಾತ್ರ ಮದುವೆಯ ಗೌನ್’ ಎಂದರು. ಅಂಗಡಿಯವರೋ ‘ಹೇಗೂ ಸಣ್ಣಗಾಗುತ್ತೀರಿ, ಒಂದು ಸೈಜ್ ಚಿಕ್ಕದೇ ಆರ್ಡರ್ ಮಾಡಿ’ ಎನ್ನುತ್ತಿದ್ದಾರೆ. ಇದರ ನಡುವೆ ಸಭಾಂಗಣ, ಅತಿಥಿಗಳ ಪಟ್ಟಿ, ಫೋಟೋದವರು ಎಲ್ಲವೂ ನನ್ನ ತಲೆಯ ಮೇಲೇ ಇದೆ. ಗೌನ್ ತೊಟ್ಟ ಕೂಡಲೇ ‘ಇದೇ ನನ್ನದು’ ಎನಿಸಿ ಕಣ್ಣು ತುಂಬಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ನನ್ನಲ್ಲೇ ಏನಾದರೂ ಕೊರತೆಯಿದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಅಂಗಡಿಯಲ್ಲಿ ನೀವು ತೊಟ್ಟದ್ದು ನಿಮ್ಮ ಗೌನ್ ಅಲ್ಲವೇ ಅಲ್ಲ. ಅದು ಯಾರದೋ ಅಳತೆಗೆ ಹೊಲಿದ ಮಾದರಿ. ಬೆನ್ನ ಹಿಂದೆ ಸಾಲಾಗಿ ಕ್ಲಿಪ್ ಹಾಕಿ, ಸಡಿಲವಾದದ್ದನ್ನೆಲ್ಲ ಹಿಂದಕ್ಕೆ ಎಳೆದು, ಕನ್ನಡಿಯಲ್ಲಿ ಮುಂಭಾಗ ಮಾತ್ರ ನಿಮಗೆ ಒಪ್ಪುವಂತೆ ಕಾಣಿಸಿರುತ್ತಾರೆ. ಭುಜ ನಿಮ್ಮ ಭುಜದ ಮೇಲೆ ಕೂತಿರುವುದಿಲ್ಲ, ಸೊಂಟದ ಹೊಲಿಗೆ ನಿಮ್ಮ ಸೊಂಟಕ್ಕೆ ಬಂದಿರುವುದಿಲ್ಲ, ಅಂಚು ನೆಲದ ಮೇಲೆ ಗುಡ್ಡೆ ಬಿದ್ದಿರುತ್ತದೆ. ಅಂಥದ್ದನ್ನು ನೋಡಿ ಕಣ್ಣು ತುಂಬಿಕೊಳ್ಳುವವರು ಇದ್ದಾರೆ, ಅದು ಅವರ ಸ್ವಭಾವ. ನಾನು ಕಂಡ ಎಷ್ಟೋ ವಧುಗಳ ಮುಖ ಅರಳಿದ್ದು ಕೊನೆಯ ಫಿಟಿಂಗ್ ದಿನ, ಅಂಚು ಹೊಲಿದಾದ ಮೇಲೆ. ಮೂವತ್ತು ಗೌನ್ ನೋಡಿದ ಕಣ್ಣಿಗೆ ಹತ್ತನೆಯದಕ್ಕೂ ಇಪ್ಪತ್ತನೆಯದಕ್ಕೂ ವ್ಯತ್ಯಾಸ ತಿಳಿಯದಿರುವುದು ಸಹಜ. ಇನ್ನೊಂದು ಅಂಗಡಿಗೆ ಹೋಗಬೇಡಿ. ಆರಿಸುವುದಕ್ಕೆ ಬೇಕಾದದ್ದು ನಿಮ್ಮ ಕೈಯಲ್ಲೇ ಇದೆ, ಪರೀಕ್ಷೆ ಮಾತ್ರ ಬೇರೆಯಾಗಬೇಕು.

ಗೌನಿಗಿಂತ ಮುಂಚೆ ಮದುವೆಯ ದಿನವೇ ನಿಮಗೆ ಸ್ಪಷ್ಟವಾಗಬೇಕು. ಎಷ್ಟು ಜನ ಬರುತ್ತಾರೆ ಎಂಬುದು ಮೊದಲು. ಅದರ ಮೇಲೆ ಜಾಗ, ಜಾಗದ ಮೇಲೆ ಸಮಯ, ಅದರ ಮೇಲೆ ಉಡುಪು. ಈ ಕ್ರಮ ತಲೆಕೆಳಗಾದರೆ ಗೌನಿಗೆ ಹೊಂದುವ ಜಾಗ ಹುಡುಕುವ ಪಾಡು ಬರುತ್ತದೆ. ಜಾಗ, ಸಮಯ ಖಚಿತವಾದ ಮೇಲೆ ಒಂದು ಹಾಳೆ ತೆಗೆದುಕೊಂಡು, ಆ ದಿನ ಗೌನ್ ಮೈಮೇಲೆ ಬಂದ ಗಳಿಗೆಯಿಂದ ತೆಗೆಯುವ ತನಕ ಏನೇನು ಮಾಡುತ್ತೀರಿ ಎಂದು ಗಂಟೆಗಂಟೆಯ ಲೆಕ್ಕದಲ್ಲಿ ಬರೆಯಿರಿ. ಕಾರಿನಲ್ಲಿ ಎಷ್ಟು ದೂರ? ಮೆಟ್ಟಿಲು ಎಷ್ಟು? ಹುಲ್ಲಿನ ಮೇಲೆ ನಡೆಯಬೇಕೇ, ನುಣುಪು ನೆಲದ ಮೇಲೋ? ಬಿಸಿಲಿಗೋ, ಏಸಿಗೋ? ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಜನರನ್ನು ತಬ್ಬಿಕೊಳ್ಳಬೇಕು, ಊಟಕ್ಕೆ ಎಲ್ಲಿ ಕೂರಬೇಕು, ಕುಣಿಯುತ್ತೀರೋ ಇಲ್ಲವೋ? ಈ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು.

ಆಮೇಲೆ ಇಷ್ಟವಾದ ಆ ಗೌನನ್ನು ಮತ್ತೊಮ್ಮೆ ತೊಡಿ. ಈ ಸಲ ಕನ್ನಡಿಯ ಮುಂದೆ ನಿಲ್ಲಬೇಡಿ, ಒಂದು ಕುರ್ಚಿ ಕೇಳಿ ಕೂತುಕೊಳ್ಳಿ. ಹತ್ತು ನಿಮಿಷವಾದರೂ ಕೂತಿರಿ. ಸೊಂಟ ಕೊರೆಯುತ್ತದೆಯೇ, ಎದೆಯ ಭಾಗ ಗದ್ದದವರೆಗೆ ಏರಿ ಬರುತ್ತದೆಯೇ, ಉಸಿರು ತುಂಬ ಎಳೆದುಕೊಳ್ಳಲಾಗುತ್ತದೆಯೇ ನೋಡಿ. ಎರಡೂ ಕೈ ಎತ್ತಿ ಜೊತೆಗೆ ಬಂದವರನ್ನು ತಬ್ಬಿಕೊಳ್ಳಿ. ಬಗ್ಗಿ ನೆಲದ ಮೇಲಿನ ಏನನ್ನಾದರೂ ಎತ್ತಿಕೊಳ್ಳಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಶೌಚಾಲಯಕ್ಕೆ ಹೇಗೆ ಹೋಗುವುದು, ಯಾರ ನೆರವು ಬೇಕು ಎಂಬುದನ್ನೂ ಸಂಕೋಚವಿಲ್ಲದೆ ಅಂಗಡಿಯ ಹೆಣ್ಣುಮಗಳನ್ನೇ ಕೇಳಿ. ಅವರಿಗೆ ಇದು ನಿತ್ಯದ ಪ್ರಶ್ನೆ. ಮದುವೆಯ ದಿನ ಗೌನ್ ತೊಟ್ಟು ಬೊಂಬೆಯ ಹಾಗೆ ನಿಂತಿರುವುದು ಕೆಲವು ನಿಮಿಷ ಮಾತ್ರ, ಮಿಕ್ಕ ಗಂಟೆಗಳೆಲ್ಲ ಅದರೊಳಗೆ ಬದುಕಬೇಕು.

ತೋಳಿಲ್ಲದ, ಭುಜದ ಪಟ್ಟಿಯೂ ಇಲ್ಲದ ಗೌನ್ ನಿಮ್ಮ ಮನಸ್ಸಿನಲ್ಲಿದ್ದರೆ ಇದನ್ನು ತಿಳಿದಿರಿ. ಅದು ಎದೆಯ ಬಿಗಿತದಿಂದ ನಿಲ್ಲುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಚೆನ್ನಾಗಿ ಹೊಲಿದ ಗೌನಿನ ಭಾರ ನಿಲ್ಲುವುದು ಸೊಂಟದ ಮೇಲೆ. ಕುಪ್ಪಸದ ಒಳಗೆ ಸೊಂಟದ ಸುತ್ತ ಬೇರೆಯಾಗಿ ಕೊಕ್ಕೆ ಹಾಕಿಕೊಳ್ಳುವ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅಲ್ಲಿಂದ ಮೇಲಕ್ಕೆ ಹೊಲಿದ ಕಡ್ಡಿಗಳು ಬಟ್ಟೆಯನ್ನು ಎತ್ತಿ ಹಿಡಿಯುತ್ತವೆ. ಆ ಒಳಪಟ್ಟಿ ಇಲ್ಲದ ಗೌನ್ ಭಾರವಾಗಿದ್ದರೆ ದಿನವಿಡೀ ಜಾರುತ್ತದೆ, ವಧು ದಿನವಿಡೀ ಅದನ್ನು ಮೇಲೆಳೆದುಕೊಳ್ಳುತ್ತಾಳೆ. ಎಷ್ಟೋ ಮದುವೆಗಳ ಫೋಟೋದಲ್ಲಿ ಈ ಕೈಸನ್ನೆ ಕಾಣುತ್ತದೆ. ಗೌನನ್ನು ಒಳಗೆ ತಿರುಗಿಸಿ ನೋಡಿ. ಒಳಪಟ್ಟಿ ಇಲ್ಲದಿದ್ದರೆ ಹಾಕಿಸಿಕೊಳ್ಳಬಹುದು, ಅದು ಸಣ್ಣ ಕೆಲಸ.

ಇನ್ನು ಬಟ್ಟೆಯ ವಿಚಾರ. ಸ್ಯಾಟಿನ್ ಎಂದರೆ ರೇಷ್ಮೆ ಎಂದುಕೊಳ್ಳಬೇಡಿ. ಸ್ಯಾಟಿನ್, ಟಫೆಟಾ, ಶಿಫಾನ್, ಕ್ರೇಪ್ ಇವೆಲ್ಲ ನೇಯ್ಗೆಯ, ನೂಲು ಹೊಸೆಯುವ ಬಗೆಯ ಹೆಸರುಗಳು. ನೂಲು ರೇಷ್ಮೆಯದೂ ಇರಬಹುದು, ಪಾಲಿಯೆಸ್ಟರಿನದೂ ಇರಬಹುದು. ಲೇಬಲ್ಲಿನಲ್ಲಿ ನೂಲು ಯಾವುದು ಎಂದೇ ಓದಬೇಕು. ಪಾಲಿಯೆಸ್ಟರ್ ಎಂದ ಮಾತ್ರಕ್ಕೆ ಕೀಳಲ್ಲ. ಸುಕ್ಕು ಕಡಿಮೆ, ನೀರು ಬಿದ್ದರೆ ಕಲೆ ನಿಲ್ಲುವುದು ಅಪರೂಪ. ಸೆಖೆಗೆ ಮಾತ್ರ ಅದು ಕಷ್ಟ, ಬೆವರನ್ನು ಹೀರುವುದಿಲ್ಲ. ರೇಷ್ಮೆ ಹೀರುತ್ತದೆ, ಮೈಗೆ ಹಿತ, ಆದರೆ ಒಂದು ಹನಿ ನೀರು ಬಿದ್ದರೂ ಗುರುತು ಉಳಿಯಬಹುದು. ಗೌನಿನ ಹೊರಬಟ್ಟೆ ಏನೇ ಇರಲಿ, ಮೈಗೆ ತಾಗುವುದು ಲೈನಿಂಗ್. ರೇಷ್ಮೆ ಗೌನಿಗೆ ಪಾಲಿಯೆಸ್ಟರ್ ಲೈನಿಂಗ್ ಕೊಟ್ಟಿದ್ದರೆ ರೇಷ್ಮೆಯ ತಂಪು ನಿಮಗೆ ಸಿಗುವುದೇ ಇಲ್ಲ.

ಸುಕ್ಕಿನ ಪರೀಕ್ಷೆ ಸುಲಭ. ಅಂಚಿನ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಚುಕಿ ಹಿಡಿದು ಬಿಡಿ. ಟಫೆಟಾ ಆದರೆ ಗೆರೆಗಳು ಹಾಗೇ ಉಳಿಯುತ್ತವೆ. 1981ರಲ್ಲಿ ಲಂಡನ್ನಿನಲ್ಲಿ ಡಯಾನಾ ಮದುವೆಗೆ ತೊಟ್ಟದ್ದು ದಂತಬಣ್ಣದ ರೇಷ್ಮೆ ಟಫೆಟಾ, ಹಿಂದೆ ನೆಲದ ಮೇಲೆ ಎಳೆದು ಬರುವ 25 ಅಡಿ ಉದ್ದದ ಎಳೆಸೆರಗು (ಟ್ರೇನ್). ಅಷ್ಟನ್ನೂ ತಂದೆಯ ಜೊತೆ ಸಾರೋಟಿನೊಳಗೆ ಮಡಚಿ ತುಂಬಿಕೊಂಡು ಬಂದು ಚರ್ಚಿನ ಮೆಟ್ಟಿಲ ಬಳಿ ಇಳಿದಾಗ, ಗೌನ್ ಮುದುಡಿಹೋಗಿದ್ದನ್ನು ಟಿವಿಯಲ್ಲಿ ಜಗತ್ತೇ ನೋಡಿತು. ಅದನ್ನು ಹೊಲಿದ ಡೇವಿಡ್ ಮತ್ತು ಎಲಿಜಬೆತ್ ಇಮ್ಯಾನುಯೆಲ್ ಅಲ್ಲೇ ಇದ್ದು ಸರಿಪಡಿಸಿದರೂ ಬಟ್ಟೆಯ ಸ್ವಭಾವ ಬಟ್ಟೆಯದೇ. ನೀವು ಮೆಚ್ಚಿದ ಕ್ರೇಪ್ ಈ ವಿಷಯದಲ್ಲಿ ಒಳ್ಳೆಯದು. ಬಿಗಿಯಾಗಿ ಹೊಸೆದ ನೂಲಿನಿಂದ ನೇಯುವುದರಿಂದ ಮೈ ಸ್ವಲ್ಪ ತರಿತರಿ, ಸುಕ್ಕು ಅಷ್ಟಾಗಿ ಎದ್ದು ಕಾಣುವುದಿಲ್ಲ. ದೂರದ ಕಾರಿನ ಪಯಣವಿದ್ದರೆ ನಾನು ಕ್ರೇಪನ್ನೇ ಹೇಳುತ್ತೇನೆ. ಗರಿಗರಿಯಾದ ಉಬ್ಬು ಬೇಕು ಎನ್ನುವವರಿಗೆ ಆರ್ಗಾಂಜಾ ಇದೆ. ರೇಷ್ಮೆಯ ಸಹಜ ಅಂಟನ್ನು ಪೂರ್ತಿ ತೆಗೆಯದೆ ನೇಯುವುದರಿಂದ ಅದಕ್ಕೆ ಆ ಬಿರುಸು. ಆದರೆ ಕುತ್ತಿಗೆ, ಕಂಕುಳ ಬಳಿ ಅದು ಚುಚ್ಚುತ್ತದೆ.

ನಿಮ್ಮ ಅಮ್ಮ ‘ಸಾದಾ’ ಎಂದರಲ್ಲ, ಅವರಿಗೆ ಈ ಮಾತು ಹೇಳಿ. ಹೊಲಿಯುವವರ ಪಾಲಿಗೆ ಸಾದಾ ಗೌನೇ ಅತಿ ಕಷ್ಟದ್ದು. ಲೇಸು, ಮಣಿ, ಕಸೂತಿ ಇದ್ದಲ್ಲಿ ಹೊಲಿಗೆ ಅಂಕುಡೊಂಕಾದರೂ ಅಡಗಿಹೋಗುತ್ತದೆ. ಬರಿಯ ಕ್ರೇಪಿನ ಮೇಲೆ ಒಂದು ಸಣ್ಣ ಸೆಳೆತವೂ ದೂರಕ್ಕೆ ಕಾಣುತ್ತದೆ, ಕತ್ತರಿಸಿದವರ ಕೈಯ ನೈಪುಣ್ಯವೇ ಅದರ ಅಲಂಕಾರ. 1996ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಕೆನಡಿಯವರ ಮಗನನ್ನು ವರಿಸಿದ ಕ್ಯಾರೊಲಿನ್ ಬೆಸೆಟ್ ಮದುವೆಗೆ ವಿನ್ಯಾಸಕ ನಾರ್ಸಿಸೊ ರೊಡ್ರಿಗಸ್ ಹೊಲಿದುಕೊಟ್ಟದ್ದು ಕ್ರಾಸ್ ಆಗಿ, ಅಂದರೆ ನೇಯ್ಗೆಯ ಎಳೆಗೆ ಓರೆಯಾಗಿ, ಕತ್ತರಿಸಿದ ರೇಷ್ಮೆ ಕ್ರೇಪಿನ ಒಂದು ನೀಳ ಉಡುಪು, ಅದರ ಮೇಲೆ ಏನೇನೂ ಇಲ್ಲ. ಇಂದಿಗೂ ವಧುಗಳು ಆ ಫೋಟೋ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. ಅಮ್ಮನಿಗೆ ಒಂದಿಷ್ಟು ಸಡಗರ ಬೇಕೇ ಬೇಕು ಎಂದಿದ್ದರೆ ತಲೆಯ ಪರದೆಯನ್ನು ಅವರ ಕೈಗೆ ಬಿಡಿ. ಸಾದಾ ಗೌನಿನ ಜೊತೆ ಎಷ್ಟು ಕುಸುರಿಯ ಪರದೆಯಾದರೂ ಹೊಂದುತ್ತದೆ, ಮುಖ್ಯ ಕಾರ್ಯ ಮುಗಿದ ಮೇಲೆ ತೆಗೆದಿಡಲೂಬಹುದು.

ಅತ್ತೆಯಾಗುವವರ ‘ಅಚ್ಚ ಬಿಳಿ’ಯ ಮಾತಿಗೆ ಚರಿತ್ರೆಯ ಬೆಂಬಲ ಅಷ್ಟಿಲ್ಲ. ಬಿಳಿಯ ಗೌನ್ ಮೆರೆದದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಮದುವೆಗೆ ಬಿಳಿ ಸ್ಯಾಟಿನ್ ತೊಟ್ಟ ಮೇಲೆ. ಅದಕ್ಕೆ ಮುಂಚೆ ಯುರೋಪಿನ ರಾಜಮನೆತನದವರು ಬೆಳ್ಳಿ ಚಿನ್ನದ ಜರಿ ತೊಡುತ್ತಿದ್ದರು, ಸಾಮಾನ್ಯರು ತಮ್ಮಲ್ಲಿದ್ದ ಒಳ್ಳೆಯ ಉಡುಪನ್ನು, ಯಾವ ಬಣ್ಣದ್ದಾದರೂ ಸರಿ, ತೊಡುತ್ತಿದ್ದರು. ವಿಕ್ಟೋರಿಯಾ ಬಿಳಿಯನ್ನು ಆರಿಸಿದ್ದರ ಹಿಂದೆ ಇಂಗ್ಲೆಂಡಿನ ಹೊನಿಟನ್ ಲೇಸು ಹೆಣೆಯುವ ಕೈಗಳಿಗೆ ಕೆಲಸ ಕೊಡುವ ಉದ್ದೇಶವೂ ಇತ್ತು. ಆ ಲೇಸನ್ನು ಆಕೆ ಮುಂದೆಯೂ ತೆಗೆತೆಗೆದು ಬಳಸಿದಳು. ಇನ್ನೊಂದು ಮಾತು: ರೇಷ್ಮೆಯ ಸಹಜ ಬಣ್ಣವೇ ಕೆನೆ, ಅದನ್ನು ಬಿಳಿಚಿಸಿದರೆ ಮಾತ್ರ ಅಚ್ಚ ಬಿಳಿ. ಪಾಲಿಯೆಸ್ಟರಿಗೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುವುದರಿಂದ ಅದರ ಬಿಳಿ ಕೆಲವು ದೀಪಗಳ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಬಹಳ ಜನರ ಮೈಬಣ್ಣಕ್ಕೆ ಕೆನೆ ಬೆಚ್ಚಗೆ ಒಪ್ಪುತ್ತದೆ. ವಾದಕ್ಕೆ ನಿಲ್ಲುವುದಕ್ಕಿಂತ ಅವರನ್ನೇ ಒಮ್ಮೆ ಕರೆದುಕೊಂಡು ಹೋಗಿ, ಎರಡೂ ಬಟ್ಟೆಯ ತುಣುಕನ್ನು ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ನಿಮ್ಮ ಮುಖದ ಪಕ್ಕ ಹಿಡಿಯಲು ಹೇಳಿ. ಅಂಗಡಿಯೊಳಗಿನ ದೀಪವನ್ನು ನಂಬಬೇಡಿ. ಫ್ಲಾಶ್ ಹಾಕಿ ಒಂದು ಫೋಟೋವನ್ನೂ ತೆಗೆಸಿ. ತೆಳುಬಟ್ಟೆ ಕಣ್ಣಿಗೆ ಮುಚ್ಚಿದಂತೆ ಕಂಡರೂ ಫ್ಲಾಶಿನಲ್ಲಿ ಪಾರದರ್ಶಕವಾಗುವುದುಂಟು.

ಈಗ ನನಗೆ ನಿಜವಾಗಿ ಸಿಟ್ಟು ಬರಿಸಿದ ಮಾತಿಗೆ ಬರುತ್ತೇನೆ. ಒಂದು ಸೈಜ್ ಚಿಕ್ಕದು ತೆಗೆದುಕೊಳ್ಳಿ ಎಂದರಲ್ಲ, ಖಂಡಿತ ಬೇಡ. ಇವತ್ತಿನ ನಿಮ್ಮ ಮೈಗೆ ಆರ್ಡರ್ ಮಾಡಿ. ದೊಡ್ಡದನ್ನು ಹಿಡಿಸುವುದು ಸುಲಭ, ಚಿಕ್ಕದನ್ನು ಬಿಡಿಸಬೇಕಾದರೆ ಒಳಗೆ ಮಾರ್ಜಿನ್ ಇರಬೇಕು. ಸಿದ್ಧ ಗೌನುಗಳಲ್ಲಿ ಅದು ಅತ್ಯಲ್ಪ. ಇದ್ದರೂ ಸ್ಯಾಟಿನ್, ರೇಷ್ಮೆಗಳ ಮೇಲೆ ಹಳೆಯ ಸೂಜಿಯ ತೂತುಗಳು ಸಾಲಾಗಿ ಉಳಿದುಬಿಡುತ್ತವೆ. ಮದುವೆಯ ಗೌನುಗಳ ಸೈಜ್ ಸಂಖ್ಯೆ ನಿತ್ಯದ ಉಡುಪಿನ ಸಂಖ್ಯೆಗೆ ಹೊಂದುವುದೇ ಇಲ್ಲ, ಸಾಮಾನ್ಯವಾಗಿ ಒಂದೆರಡು ಮೆಟ್ಟಿಲು ಮೇಲೆಯೇ ಬರುತ್ತದೆ. ಆ ಸಂಖ್ಯೆಯನ್ನು ನೋಡಿ ಬೇಸರಪಡಬೇಡಿ. ಎದೆ, ಸೊಂಟ, ನಿತಂಬ ಈ ಮೂರರಲ್ಲಿ ತಯಾರಕರ ಪಟ್ಟಿಯಲ್ಲಿ ಯಾವುದು ಅತಿ ದೊಡ್ಡ ಸೈಜಿಗೆ ಬೀಳುತ್ತದೋ ಅದನ್ನೇ ಹಿಡಿಯಿರಿ. ಕೆಳಭಾಗ ಅಗಲವಾಗಿ ಹರಡುವ ಗೌನಾದರೆ ನಿತಂಬದ ಅಳತೆ ಬಿಟ್ಟುಬಿಡಬಹುದು. ಮದುವೆಯ ಓಡಾಟದಲ್ಲಿ ಕೆಲವರು ತಾವಾಗಿ ಇಳಿಯುತ್ತಾರೆ, ಡಯಾನಾಳ ಸೊಂಟವೂ ಇಳಿಯುತ್ತಲೇ ಹೋಗಿ ಗೌನನ್ನು ಮತ್ತೆಮತ್ತೆ ಹಿಡಿಸಬೇಕಾಯಿತು. ಇನ್ನು ಕೆಲವರು ಏರುತ್ತಾರೆ. ಎರಡೂ ತಪ್ಪಲ್ಲ. ಮೈಯನ್ನು ಬಟ್ಟೆಗೆ ಹೊಂದಿಸುವ ಹೊಣೆ ವಧುವಿನದಲ್ಲ, ಬಟ್ಟೆಯನ್ನು ಮೈಗೆ ಹೊಂದಿಸುವ ಹೊಣೆ ಟೈಲರಿನದು. ಹಸಿವಿನಿಂದ ಕಂಗೆಟ್ಟು ಮದುವೆಯ ದಿನ ತಲೆಸುತ್ತಿ ಕೂತ ಹುಡುಗಿಯರನ್ನು ನೋಡಿ ನನ್ನ ಮನಸ್ಸು ನೊಂದಿದೆ. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಹೊಟ್ಟೆ ಉಬ್ಬರಿಸುವುದು ಎಷ್ಟೋ ಜನರಿಗಿದೆ. ಮದುವೆಯ ದಿನ ಆ ಹೊತ್ತಿಗೆ ಬೀಳುವಂತಿದ್ದರೆ ಫಿಟಿಂಗನ್ನೂ ಅಂಥ ದಿನವೇ ಇಟ್ಟುಕೊಳ್ಳಿ.

ಸಮಯದ ಲೆಕ್ಕ: ಆರ್ಡರ್ ಕೊಟ್ಟು ಹೊಲಿಸುವ ಗೌನಿಗೆ ನಾಲ್ಕೈದು ತಿಂಗಳು ಹಿಡಿಯುವುದು ಸಾಮಾನ್ಯ. ನಿಮ್ಮ ಬಳಿ ಏಳು ಇದೆ. ಹಾಗಾಗಿ ಈ ತಿಂಗಳೊಳಗೆ ನಿರ್ಧಾರವಾಗಬೇಕು. ಕೈಗೆ ಬಂದ ಮೇಲೆ ಆಲ್ಟರ್ ಮಾಡಿಸಲು ಕನಿಷ್ಠ ಆರು ವಾರ ಇರಲಿ, ಕೊನೆಯ ಫಿಟಿಂಗ್ ಮದುವೆಗೆ ಎರಡು ವಾರ ಮುಂಚೆ. ಮೊದಲ ಫಿಟಿಂಗಿಗೇ ಆ ದಿನ ಹಾಕುವ ಚಪ್ಪಲಿ, ಒಳ ಉಡುಪು ಎರಡನ್ನೂ ತೆಗೆದುಕೊಂಡು ಹೋಗಿ. ಹಿಮ್ಮಡಿಯ ಎತ್ತರ ಅರ್ಧ ಇಂಚು ಬದಲಾದರೂ ಅಂಚು ಕೆಡುತ್ತದೆ. ಭುಜ ಮತ್ತು ಎದೆ ಮೊದಲು, ಆಮೇಲೆ ಸೊಂಟ, ಎಲ್ಲಕ್ಕಿಂತ ಕೊನೆಗೆ ಅಂಚು. ಈ ಕ್ರಮ ಬಿಟ್ಟು ಮೊದಲೇ ಅಂಚು ಕತ್ತರಿಸುತ್ತೇನೆ ಎನ್ನುವ ಟೈಲರಿಗೆ ಗೌನ್ ಕೊಡಬೇಡಿ. ಕ್ರಾಸ್ ಆಗಿ ಕತ್ತರಿಸಿದ ಬಟ್ಟೆಯಾದರೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಅದನ್ನು ಒಂದೆರಡು ದಿನ ನೇತುಹಾಕಿ, ಇಳಿಯುವಷ್ಟು ಇಳಿದ ಮೇಲೆಯೇ ಅಂಚನ್ನು ಸಮ ಮಾಡಬೇಕು. ನೀವು ಮೆಚ್ಚಿದ ಗೌನ್ ಕ್ರಾಸ್ ಕಟಿಂಗಿನದೇ ಎಂದು ಕೇಳಿಕೊಳ್ಳಿ.

ಇಷ್ಟೊಂದು ಬಿಡುವು ಯಾಕೆ ಎನ್ನುವವರಿಗೆ ಆ್ಯನ್ ಲೋ ಅವರ ಕಥೆ ಹೇಳುತ್ತೇನೆ. 1953ರಲ್ಲಿ ಜಾಕ್ವೆಲಿನ್ ಬೂವಿಯೆ ಅವರು ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯನ್ನು ಮದುವೆಯಾದಾಗ ಗೌನ್ ಹೊಲಿದವರು ಈ ಕಪ್ಪುವರ್ಣೀಯ ಕುಶಲಕರ್ಮಿ. ಮದುವೆಗೆ ಕೆಲವೇ ದಿನ ಇರುವಾಗ ಅವರ ಕಾರ್ಯಾಗಾರದಲ್ಲಿ ಕೊಳವೆ ಒಡೆದು ನೀರು ನುಗ್ಗಿ, ವಧುವಿನ ಗೌನೂ ಜೊತೆಗಾತಿಯರ ಉಡುಪುಗಳೂ ಹಾಳಾದವು. ಹೊಸ ಬಟ್ಟೆ ತರಿಸಿ, ತಮ್ಮವರೊಂದಿಗೆ ಹಗಲೂ ರಾತ್ರಿ ಕೂತು ಎಲ್ಲವನ್ನೂ ಮತ್ತೆ ಹೊಲಿದು ತಲುಪಿಸಿದರು, ನಷ್ಟವನ್ನೂ ತಾವೇ ನುಂಗಿಕೊಂಡರು. ಅಂಥ ಕೈಗಳು ಎಲ್ಲರ ಪಾಲಿಗೂ ಸಿಗುವುದಿಲ್ಲ. ಹಾಗಾಗಿ ಎರಡು ವಾರದ ಬಿಡುವನ್ನು ಯಾರ ಒತ್ತಾಯಕ್ಕೂ ಬಿಟ್ಟುಕೊಡಬೇಡಿ.

ಮುಂಗಡ ಕೊಡುವಾಗ ರಸೀದಿಯಲ್ಲಿ ನಿಮ್ಮ ಅಳತೆ, ಬಟ್ಟೆಯ ನೂಲು, ಬಣ್ಣ, ತಲುಪಿಸುವ ದಿನ, ಆಲ್ಟರ್ ಖರ್ಚು ಒಳಗೊಂಡಿದೆಯೋ ಇಲ್ಲವೋ, ಆರ್ಡರ್ ರದ್ದಾದರೆ ಎಷ್ಟು ಹಣ ಮರಳುತ್ತದೆ, ಇವೆಲ್ಲ ಬರಹದಲ್ಲಿರಲಿ. ಸಭಾಂಗಣದವರ, ಫೋಟೋದವರ ವಿಷಯದಲ್ಲೂ ಹಾಗೆಯೇ. ಫೋಟೋ ತೆಗೆಯಲು ಆ ದಿನ ಖುದ್ದು ಯಾರು ಬರುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮ್ಮ, ಅತ್ತೆ, ಅಂಗಡಿಯವರು ಎಲ್ಲರೂ ಇದ್ದಾರೆ, ಮದುವೆಯಾಗುವ ಹುಡುಗನ ಮಾತು ಮಾತ್ರ ಒಂದು ಸಾಲೂ ಇಲ್ಲ. ಸಂತೋಷ ಸೋರಿಹೋಗುತ್ತಿರುವುದು ಅಲ್ಲಿಂದಲೇ ಇರಬಹುದು. ಮದುವೆ ಇಬ್ಬರದು, ಕೆಲಸವೂ ಇಬ್ಬರದಾಗಬೇಕು. ‘ಸ್ವಲ್ಪ ಸಹಾಯ ಮಾಡು’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಏನು ಮಾಡಬೇಕೆಂದು ಯೋಚಿಸುವ ಭಾರ ಮತ್ತೆ ನಿಮ್ಮದೇ. ಅತಿಥಿಗಳ ಪಟ್ಟಿ, ಸಭಾಂಗಣ, ಫೋಟೋ ಈ ಮೂರರಲ್ಲಿ ಎರಡನ್ನು ಪೂರ್ತಿಯಾಗಿ ಅವರಿಗೆ ಬಿಡಿ. ಫೋನು ಮಾಡುವುದು, ದರ ಮಾತಾಡುವುದು, ತೀರ್ಮಾನಿಸುವುದು ಎಲ್ಲ ಅವರದೇ. ಅವರು ಆರಿಸಿದ್ದು ನಿಮ್ಮ ರುಚಿಗೆ ಹತ್ತಕ್ಕೆ ಎಂಟರಷ್ಟು ಒಪ್ಪಿದರೂ ಒಪ್ಪಿಕೊಳ್ಳಿ. ಅತ್ತೆಯಾಗುವವರ ಜೊತೆ ಬಣ್ಣದ ಮಾತನ್ನು ಮೊದಲು ಆಡಬೇಕಾದವರೂ ಅವರೇ. ಅಮ್ಮನಿಗೆ ಮಗ ಹೇಳಿದರೆ ಅದು ಮನೆಮಾತು, ಸೊಸೆಯಾಗಿ ಬರುವವಳು ಹೇಳಿದರೆ ಎದುರುಮಾತು ಎನಿಸಿಬಿಡುತ್ತದೆ.

ಹಿರಿಯರ ಅಭಿಪ್ರಾಯಕ್ಕೆ ಬೆಲೆಯಿಲ್ಲವೆಂದಲ್ಲ. ಆದರೆ ‘ಹೇಗಿದೆ?’ ಎಂದು ಕೇಳಿದ ಮೇಲೆ ಉತ್ತರ ಬಂದೇ ಬರುತ್ತದೆ. ಎಲ್ಲಿ ನಿರ್ಧಾರ ನಿಮ್ಮದೋ ಅಲ್ಲಿ ಕೇಳಬೇಡಿ, ತಿಳಿಸಿ. ‘ಅಮ್ಮ, ಗೌನ್ ಇದೇ ಅಂತ ಮನಸ್ಸು ಮಾಡಿದ್ದೀನಿ. ಪರದೆ ನೀನೇ ಆರಿಸಿಕೊಡು, ನಿನ್ನ ಕಣ್ಣಿಗೆ ಬಿದ್ದದ್ದು ನನಗೆ ಒಪ್ಪಿಗೆ’ ಅನ್ನಿ. ಮುಂದಿನ ಸಲ ಅಂಗಡಿಗೆ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಿ. ನಿಮ್ಮ ಮುಖ ನೋಡಿಯೇ ನಿಮ್ಮ ಮನಸ್ಸು ಓದುವವರು ಯಾರೋ ಅವರು, ಅಕ್ಕನೋ ಗೆಳತಿಯೋ. ಮುಂಗಡ ಕೊಟ್ಟ ದಿನವೇ ಫೋನಿನಲ್ಲಿ ಗೌನ್ ನೋಡುವುದನ್ನು ನಿಲ್ಲಿಸಿ, ಉಳಿಸಿಟ್ಟ ಚಿತ್ರಗಳನ್ನೂ ಅಳಿಸಿ. ಆಮೇಲೂ ನೋಡುತ್ತಲೇ ಹೋದರೆ ಯಾವ ಗೌನೂ ನಿಮ್ಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಆ ದಿನದ ಮಟ್ಟಿಗೆ ಒಂದೆರಡು ಮಾತು. ಗೌನನ್ನು ಭುಜದಿಂದ ನೇತುಹಾಕಬೇಡಿ, ಒಳಗೆ ಹೊಲಿದಿರುವ ಲಾಡಿಯ ಕುಣಿಕೆಗಳಿಂದ ಹಾಕಿ. ಸುಗಂಧದ್ರವ್ಯ, ಕೂದಲಿನ ಸ್ಪ್ರೇ ಎಲ್ಲ ಗೌನ್ ತೊಡುವುದಕ್ಕೆ ಮುಂಚೆಯೇ ಮುಗಿದು ಆರಿರಬೇಕು, ರೇಷ್ಮೆಗೆ ಅವು ಆಗುವುದಿಲ್ಲ. ಎಳೆಸೆರಗಿದ್ದರೆ ಊಟದ ಹೊತ್ತಿಗೆ ಅದನ್ನು ಎತ್ತಿ ಕಟ್ಟುವ ಗುಂಡಿ, ಕೊಕ್ಕೆಗಳು ಎಲ್ಲಿವೆ ಎಂದು ಜೊತೆಗಿರುವವರು ಕೊನೆಯ ಫಿಟಿಂಗಿನಲ್ಲೇ ಕಲಿತು, ವೀಡಿಯೊ ಮಾಡಿಕೊಳ್ಳಲಿ. ಮದುವೆ ಮುಗಿದ ವಾರವೇ ಗೌನನ್ನು ಒಗೆಯಲು ಕೊಡಿ. ಸಿಹಿ ಪಾನೀಯದ ಹನಿ, ಬೆವರು ಆಗ ಕಣ್ಣಿಗೆ ಕಾಣುವುದಿಲ್ಲ, ತಿಂಗಳುಗಳ ಮೇಲೆ ಕಂದು ಕಲೆಯಾಗಿ ಮೇಲೇಳುತ್ತವೆ, ಆಗ ಹೋಗಿಸುವುದು ಕಷ್ಟ. ಎಲ್ಲೆಲ್ಲಿ ಏನು ಚೆಲ್ಲಿತ್ತು ಎಂದು ಅವರಿಗೆ ಹೇಳಿಯೇ ಕೊಡಿ. ಎತ್ತಿಡುವಾಗ ಪ್ಲಾಸ್ಟಿಕ್ ಕವರು ಬೇಡ, ಆಮ್ಲರಹಿತ ತೆಳುಕಾಗದದ ಮಡಿಕೆಯಲ್ಲಿಡಿ. ಮುಂದೆ ಅದನ್ನು ಗಿಡ್ಡ ಮಾಡಿಸಿ ಮತ್ತೆ ತೊಡುವ ಆಲೋಚನೆ ಇದ್ದರೆ ಈಗಲೇ ಟೈಲರಿಗೆ ತಿಳಿಸಿ, ಪಕ್ಕದ ಹೊಲಿಗೆಗಳಲ್ಲಿ ಒಂದಿಂಚು ಮಾರ್ಜಿನ್ ಬಿಟ್ಟೇ ಹೊಲಿಯುತ್ತಾರೆ. ಕ್ರೇಪ್ ಗೌನಿಗೆ ಅದು ಚೆನ್ನಾಗಿ ಒಗ್ಗುತ್ತದೆ.